ಹಳ್ಳದಲ್ಲಿ ಒಂದು ದಿನ

ಹಳ್ಳದ ಕಲ್ಲನ್ನು ಎತ್ತಿ ನೋಡುವುದಕ್ಕೂ ಒಂದು ಕ್ರಮವಿದೆ ಎಂಬುದು ನನಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಹುಡುಗನಾಗಿದ್ದಾಗ ನಾನು ಎತ್ತಿದ ಕಲ್ಲುಗಳಿಗೆ ಲೆಕ್ಕವಿಲ್ಲ. ಏಡಿ ಹುಡುಕಲು ಎತ್ತಿದ್ದೇನೆ, ನೀರಿಗೆ ಅಡ್ಡ ಕಟ್ಟಲು ಎತ್ತಿದ್ದೇನೆ, ಯಾವ ಕೆಲಸವೂ ಇಲ್ಲದಾಗ ಮಡುವಿಗೆ ಎಸೆದು ಸದ್ದು ಕೇಳಲೆಂದೇ ಎತ್ತಿದ್ದೇನೆ. ಆದರೆ ಎತ್ತಿದ ಕಲ್ಲನ್ನು ಎತ್ತಿದ ಜಾಗದಲ್ಲೇ, ಮೊದಲಿದ್ದ ಮಗ್ಗುಲಿಗೇ, ಮೆಲ್ಲಗೆ ಇಳಿಸಿ ಬರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. "ಅದು ಯಾರದೋ ಮನೆಯ ಚಾವಣಿ. ನೋಡಿದ ಮೇಲೆ ಮುಚ್ಚಿ ಬನ್ನಿ" ಎಂದರು, ಆ ದಿನ ಮಕ್ಕಳನ್ನು ಕರೆತಂದಿದ್ದ ಅಧ್ಯಾಪಕಿ. ಹದಿನಾಲ್ಕು ಮಂದಿ ಹುಡುಗ ಹುಡುಗಿಯರು ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದರು. ದಂಡೆಯ ಮೇಲೆ ಕೋಲೂರಿಕೊಂಡು ನಿಂತಿದ್ದ ನಾನು ಹದಿನೈದನೆಯ ವಿದ್ಯಾರ್ಥಿ.

ಇದು ನಡೆದದ್ದು 2024ರ ಡಿಸೆಂಬರಿನಲ್ಲಿ. ನನ್ನ ಮೊಮ್ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಕಾಡಿನ ಹಳ್ಳವೊಂದನ್ನು ಒಂದು ದಿನ ಪೂರ್ತಿ ನೋಡಿ ವರದಿ ಬರೆಯುವ ಕೆಲಸ ಅವರ ತರಗತಿಗೆ ಬಂದಿತ್ತು. ಎಲ್ಲಿಗೆ ಹೋಗುವುದೆಂಬ ಮಾತು ಎದ್ದಾಗ ಇವಳು, "ನಮ್ಮಜ್ಜನ ಊರಿನಲ್ಲಿ ಹಳ್ಳವಿದೆ, ಉಳಿಯಲು ಮನೆಯಿದೆ, ಊಟವೂ ಚೆನ್ನಾಗಿರುತ್ತದೆ" ಎಂದುಬಿಟ್ಟಳಂತೆ. ಮೂರನೆಯ ಕಾರಣಕ್ಕೇ ಎಲ್ಲರೂ ಒಪ್ಪಿದರೆಂದು ನನ್ನ ಊಹೆ. ನನ್ನ ತಮ್ಮನ ಮಗ ಜಗಲಿಯಲ್ಲಿ ಚಾಪೆ ಹಾಸಿದ. ನಾನು ದಾರಿ ತೋರಿಸುವವನೆಂಬ ಹುದ್ದೆಯನ್ನು ನಾನೇ ಸೃಷ್ಟಿಸಿಕೊಂಡು ಜೊತೆಗೆ ಹೊರಟೆ.

ನಮ್ಮೂರು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಮೂಲೆಯಲ್ಲಿದೆ. ಹಳ್ಳಕ್ಕೆ ಹೆಸರಿಲ್ಲ, ಊರಿನವರಿಗೆ ಅದು ಬರೀ ಹಳ್ಳ. ಮೇಲಿನ ಕಾನಿನಲ್ಲಿ ಹುಟ್ಟಿ, ನಮ್ಮ ಮನೆಯ ಜಮೀನಿನ ಅಂಚನ್ನು ಸವರಿಕೊಂಡು, ತೋಟಗಳನ್ನೂ ಗದ್ದೆಗಳನ್ನೂ ದಾಟಿ ಕೊನೆಗೆ ಅಘನಾಶಿನಿಯನ್ನು ಸೇರುತ್ತದೆ. ಅಘನಾಶಿನಿಗೆ ಅಣೆಕಟ್ಟು ಕಟ್ಟಿಲ್ಲವಾದ್ದರಿಂದ, ನಮ್ಮ ಹಳ್ಳದಲ್ಲಿ ಬಿಟ್ಟ ಕಾಗದದ ದೋಣಿ ತಡದಡಿಯ ಸಮುದ್ರದವರೆಗೆ ಹೋಗಬಹುದೆಂದು ನಾವು ಚಿಕ್ಕವರು ನಂಬಿದ್ದೆವು. ಕಾನು ಎಂದರೆ ನಮ್ಮ ಕಡೆ ನಿತ್ಯಹಸುರಿನ ದಟ್ಟ ಕಾಡು. ಅಲ್ಲಿ ಚೌಡಿಯ ಕಲ್ಲಿದೆ. ಆ ಕಲ್ಲಿನ ಭಯದಿಂದ ಕಾನಿಗೆ ಕೊಡಲಿ ಹೋಗಲಿಲ್ಲ. ಭಕ್ತಿಯಿಂದ ಎನ್ನಬಹುದಿತ್ತು, ಆದರೆ ಊರಿನವರನ್ನು ನಾನು ಬಲ್ಲೆ, ಭಯವೇ ಸರಿ.

ಬೆಳಿಗ್ಗೆ ಎಂಟು ಗಂಟೆಗೇ ಕೆಲಸ ಆರಂಭವಾಯಿತು. ಹಳ್ಳದ ಎರಡು ಜಾಗಗಳನ್ನು ಆರಿಸಿದ್ದರು. ಒಂದು ಕಾನಿನ ಒಳಗೆ. ಇನ್ನೊಂದು ಅಲ್ಲಿಂದ ಅರ್ಧ ಮೈಲಿ ಕೆಳಗೆ, ಬಯಲಿನಲ್ಲಿ. ಎರಡೂ ಕಡೆ ನೀರಿನಲ್ಲಿ ಉಷ್ಣಮಾಪಕ ಕಟ್ಟಿ ಇಬ್ಬಿಬ್ಬರನ್ನು ಕೂರಿಸಿದರು, ಗಂಟೆಗೊಮ್ಮೆ ಓದಿ ಬರೆಯಲು. ಎರಡು ಕಡೆಯೂ ಒಂದೇ ಗಂಟೆಗೆ ಏಕೆ ಓದಬೇಕು ಎಂದು ಒಬ್ಬ ಹುಡುಗ ಕೇಳಿದ. "ಮೇಲಿನದನ್ನು ಬೆಳಿಗ್ಗೆ, ಕೆಳಗಿನದನ್ನು ಮಧ್ಯಾಹ್ನ ಅಳೆದರೆ, ನೀನು ಅಳೆದದ್ದು ಹಳ್ಳವನ್ನಲ್ಲ, ಸೂರ್ಯನನ್ನು" ಎಂದರು ಅಧ್ಯಾಪಕಿ. ಕೆಳಗಿನ ಆ ಜಾಗ ಯಾವುದೆಂದು ನಾನು ಆಗ ಸರಿಯಾಗಿ ವಿಚಾರಿಸಲಿಲ್ಲ.

ಕಾನಿನೊಳಗೆ ಕಾಲಿಟ್ಟೊಡನೆ ಮಕ್ಕಳು ಮಾತು ನಿಲ್ಲಿಸಿದರು. ಅಲ್ಲಿ ಹೊತ್ತು ಒಂದು ಗಂಟೆ ಹಿಂದೆ ಬಿದ್ದಂತಿರುತ್ತದೆ. ಜೌಗು ನೆಲದಲ್ಲಿ ರಾಮಪತ್ರೆ ಮರಗಳ ಬೇರುಗಳು ಮಂಡಿಯೂರಿ ಕುಳಿತವರ ಹಾಗೆ ಮೇಲೆದ್ದು ಮತ್ತೆ ಮಣ್ಣಿಗೆ ಇಳಿದಿದ್ದವು. ಕೆಸರಿನಲ್ಲಿ ಗಾಳಿಯಾಡುವುದಿಲ್ಲ; ಉಸಿರಿಗಾಗಿ ಬೇರು ಹೀಗೆ ಮಂಡಿ ಎತ್ತುತ್ತದಂತೆ. ಅಂಥ ಬೇರಿನ ಮೇಲೆ ಕುಳಿತು ಪಾಠಿಪುಸ್ತಕಕ್ಕೆ ಹೆದರಿ ಅಡಗಿದ್ದವನು ನಾನು. ಅದು ಉಸಿರಾಡುತ್ತಿದೆಯೆಂದು ಗೊತ್ತಿರಲಿಲ್ಲ.

ಮೊದಲ ಕಲ್ಲನ್ನು ಮಗುಚಿದ್ದು ನನ್ನ ಮೊಮ್ಮಗಳು. ಬಿಳಿಯ ತಟ್ಟೆಯಲ್ಲಿ ನೀರು ಹಾಕಿ, ಕಲ್ಲಿನ ಹೊಟ್ಟೆಯನ್ನು ಮೆತ್ತನೆಯ ಕುಂಚದಿಂದ ಸವರಿದಳು. ಬರೀ ಕಸವೆಂದುಕೊಂಡದ್ದು ಕ್ಷಣದಲ್ಲಿ ನಡೆದಾಡತೊಡಗಿತು. ಚಪ್ಪಟೆ ಮೈಯ, ಮೂರು ಬಾಲದ ಮರಿಗಳು ಮೇಫ್ಲೈಯವು; ಹೊಟ್ಟೆಯ ಎರಡು ಪಕ್ಕದಲ್ಲೂ ಗರಿಯಂಥ ಕಿವಿರು, ಅದು ಬೀಸಣಿಗೆಯಂತೆ ಆಡುತ್ತಲೇ ಇರುತ್ತದೆ. ಎರಡು ಬಾಲದ್ದು ಸ್ಟೋನ್‌ಫ್ಲೈ. ಮೇಫ್ಲೈ ಮರಿ ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದು ರೆಕ್ಕೆ ಪಡೆದು ಹೊರಬರುತ್ತದೆ. ಬಂದ ಮೇಲೆ ಮತ್ತೊಮ್ಮೆ ಪೊರೆ ಕಳಚುತ್ತದೆ. ಈಗ ಬದುಕಿರುವ ಕೀಟಗಳಲ್ಲಿ ರೆಕ್ಕೆ ಬಂದ ಮೇಲೂ ಪೊರೆ ಕಳಚುವುದು ಇದೊಂದೇ. ಆಮೇಲೆ ಅದಕ್ಕೆ ಉಣ್ಣಲು ಬಾಯಿಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ, ಜೊತೆ ಹುಡುಕಿ ಮೊಟ್ಟೆಯಿಟ್ಟು ಸಾಯುತ್ತದೆ. ಚಿಕ್ಕಂದಿನಲ್ಲಿ ಲಾಟೀನಿನ ಗಾಜಿಗೆ ಬಂದು ಬೀಳುತ್ತಿದ್ದ ತೆಳ್ಳನೆಯ ಹುಳುಗಳಲ್ಲಿ ಇವೂ ಇದ್ದಿರಬೇಕು. ನಾವು ಅವನ್ನು ಗುಡಿಸಿ ಹಾಕುತ್ತಿದ್ದೆವು.

ಆದರೆ ನನ್ನನ್ನು ಸೋಲಿಸಿದ್ದು ಕ್ಯಾಡಿಸ್ ಹುಳು. ಒಬ್ಬ ಹುಡುಗಿ ಮಡುವಿನ ತಳದಿಂದ ಕೊಳೆತ ಎಲೆಗಳ ಒಂದು ಹಿಡಿ ತೆಗೆದು ತಟ್ಟೆಗೆ ಹಾಕಿದಳು. ಅದರಲ್ಲಿ ಬೆರಳಿನ ಉಗುರಿನಷ್ಟು ಅಗಲದ ಒಂದು ಎಲೆಚೂರು ತನ್ನಷ್ಟಕ್ಕೆ ನಡೆಯಹತ್ತಿತು. ಹತ್ತಿರದಿಂದ ನೋಡಿದರೆ ಒಂದರ ಮೇಲೊಂದು ಎರಡು ಎಲೆಚೂರು. ಕತ್ತರಿಯಿಂದ ಕತ್ತರಿಸಿದಷ್ಟು ನಯವಾದ ಅಂಚು. ನಡುವೆ ಬಾಯಿಂದ ಬಂದ ರೇಷ್ಮೆಯ ಹೊಲಿಗೆ. ಒಳಗಿನಿಂದ ಇಣುಕುವ ತಲೆ. ಇನ್ನೊಂದು ಜಾತಿಯದು ಮರಳಿನ ಕಾಳುಗಳನ್ನೇ ಅಂಟಿಸಿ ಕೊಳವೆ ಮಾಡಿಕೊಂಡಿತ್ತು. ಒಬ್ಬೊಬ್ಬರದು ಒಂದೊಂದು ರೀತಿಯ ಮನೆ. ನಾನೂ ಒಂದು ಮನೆ ಕಟ್ಟಿಸಿದವನು. ಅದರ ವಿಷಯ ಮುಂದೆ ಬರುತ್ತದೆ.

ಈ ಎಲೆಯ ಕಥೆಯನ್ನು ಅಧ್ಯಾಪಕಿ ಹೇಳಿದ ಬಗೆ ನನಗೆ ಬಹಳ ಹಿಡಿಸಿತು. ಕಾನಿನೊಳಗಿನ ಹಳ್ಳಕ್ಕೆ ಬಿಸಿಲು ಇಳಿಯುವುದು ಕಡಮೆ. ಬಿಸಿಲಿಲ್ಲದೆ ಪಾಚಿ ಬೆಳೆಯದು. ಹಾಗಾದರೆ ಈ ಜೀವಿಗಳಿಗೆಲ್ಲ ಅನ್ನ ಎಲ್ಲಿಂದ ಬರಬೇಕು? ಮೇಲಿನಿಂದ ಉದುರಬೇಕು. ಹಳ್ಳದ ಗದ್ದೆ ಇರುವುದು ಮರಗಳ ಮೇಲೆ. ಎಲೆ ನೀರಿಗೆ ಬೀಳುತ್ತದೆ. ಮೊದಲ ಒಂದೆರಡು ದಿನ ಅದರ ಕಷಾಯ ಇಳಿದುಹೋಗುತ್ತದೆ. ಆಮೇಲೆ ಬೂಷ್ಟೂ ಬ್ಯಾಕ್ಟೀರಿಯವೂ ಹತ್ತಿ ಅದನ್ನು ಮೆತ್ತಗೆ ಮಾಡುತ್ತವೆ. "ಇಡ್ಲಿ ಹಿಟ್ಟು ಹುಳಿ ಬರುವ ತನಕ ನೀವು ಕಾಯುವುದಿಲ್ಲವೆ, ಹಾಗೆ ಇವೂ ಕಾಯುತ್ತವೆ" ಎಂದರು. ಹದ ಬಂದ ಎಲೆಯನ್ನು ಏಡಿಯೂ ಕೆಲವು ಕ್ಯಾಡಿಸ್ ಹುಳುಗಳೂ ಹರಿದು ತಿನ್ನುತ್ತವೆ. ಅವು ಚೆಲ್ಲಿದ ಪುಡಿ ತೇಲಿ ಕೆಳಗೆ ಹೋಗುತ್ತದೆ; ಕೆಳಗೆ ಬಲೆ ನೇಯ್ದು ಕುಳಿತವು ಆ ಪುಡಿಯನ್ನು ಸೋಸಿ ಉಣ್ಣುತ್ತವೆ. ಹೀಗೆ ಮೇಲಿನವರ ಎಂಜಲು ಕೆಳಗಿನವರ ಊಟ. ಹಳ್ಳದಿಂದ ಹೊಳೆಯವರೆಗೆ ಇದನ್ನೊಂದು ಮುರಿಯದ ಸರಪಳಿಯಾಗಿ ನೋಡಬೇಕೆಂದು ಅಮೆರಿಕದ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು 1980ರಲ್ಲಿ ಬರೆದರಂತೆ.

ನಡುವೆ ಅವರು ಕುಂಬಾರ ಕಪ್ಪೆಯ ಸುದ್ದಿ ತೆಗೆದರು. ನಮ್ಮ ತಾಲ್ಲೂಕಿನ ಕತ್ತಲೆಕಾನಿನ ಹಳ್ಳಗಳಲ್ಲಿ ಅದಿದೆ. ಮಳೆಗಾಲದ ರಾತ್ರಿ ಗಂಡುಕಪ್ಪೆ ತನ್ನ ಕೈಯಿಂದ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಗುರುತಿಸಿದ್ದು 2014ರಲ್ಲಿ. ವೈಜ್ಞಾನಿಕ ಹೆಸರಿನಲ್ಲೂ 'ಕುಂಬಾರ' ಎಂಬ ಕನ್ನಡದ ಮಾತನ್ನೇ ಇಟ್ಟರು. ಎಷ್ಟು ಸಾವಿರ ಮಳೆಗಾಲದಿಂದ ಅದು ನಮ್ಮ ನೆರೆಯಲ್ಲಿ ಮಣ್ಣು ಮೆತ್ತುತ್ತಿತ್ತೋ! ಹಗಲು ಹೊತ್ತಿನಲ್ಲಿ ಅದನ್ನು ತೋರಿಸಲಾಗದೆಂದು ಮಕ್ಕಳಿಗೆ ಸ್ವಲ್ಪ ನಿರಾಶೆಯಾಯಿತು.

ಮಧ್ಯಾಹ್ನದ ಊಟ ಹಳ್ಳದ ಬಂಡೆಯ ಮೇಲೆ. ಮೊಸರವಲಕ್ಕಿ, ಜೊತೆಗೆ ಮಾವಿನ ಮಿಡಿಯ ಉಪ್ಪಿನಕಾಯಿ. ಸೊನೆಯ ಘಮ ಕುರಿತು ಒಬ್ಬ ಹುಡುಗ ಬಹಳ ಹೊಗಳಿದ. ಅಪ್ಪೆಮಿಡಿಯ ಮರ ಹೆಚ್ಚಾಗಿ ಹಳ್ಳ ಹೊಳೆಗಳ ದಂಡೆಯಲ್ಲೇ ಬೆಳೆಯುತ್ತದೆ, ಒಂದೊಂದು ಮರದ ಮಿಡಿಗೂ ಒಂದೊಂದು ರುಚಿ, ಉಪ್ಪುನೀರಿನ ಭರಣಿಯಲ್ಲಿ ಅದು ವರ್ಷಗಟ್ಟಲೆ ಕೆಡದು ಎಂದೆಲ್ಲ ನಾನು ಉಪನ್ಯಾಸ ಮಾಡಿದೆ. "ಈ ಮಿಡಿ ಯಾವ ಮರದ್ದು?" ಎಂದು ಅವನು ಕೇಳಿದ. ನನ್ನ ತಮ್ಮನ ಮಗ, "ಶಿರಸಿ ಪೇಟೆಯಿಂದ ತಂದದ್ದು" ಎಂದ.

ಊಟವಾದ ಮೇಲೆ ಕೆಳಗಿನ ಜಾಗಕ್ಕೆ ಹೋದೆವು. ಬೇಲಿ ದಾಟಿ ತಿರುಗಿದಾಗ ನನಗೆ ಗೊತ್ತಾಯಿತು. ಅದು ನಮ್ಮದೇ ಜಮೀನು. ಹಳ್ಳದ ಎರಡು ದಂಡೆಯೂ ಬೋಳು; ಒಂದು ಮಗ್ಗುಲಲ್ಲಿ ಲಂಟಾನ, ಇನ್ನೊಂದರಲ್ಲಿ ನೀರಿನ ಅಂಚಿಗೇ ಬಂದು ನಿಂತ ಎಳೆಯ ಅಡಿಕೆ ಸಸಿಗಳು. ಅಲ್ಲಿ ಕುಳಿತಿದ್ದ ಹುಡುಗ ತಲೆಗೆ ಟವೆಲು ಸುತ್ತಿಕೊಂಡಿದ್ದ. ಎರಡು ಗಂಟೆಗೆ ಕಾನಿನೊಳಗಿನ ನೀರು 21 ಡಿಗ್ರಿ, ಇಲ್ಲಿ 26. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದು ಏಳೂವರೆಯ ಆಸುಪಾಸು. ನಮಗೆ ಇದು ಅಲ್ಪ ವ್ಯತ್ಯಾಸ. ಕಿವಿರು ಬೀಸಿಕೊಂಡು ಬದುಕುವ ಮರಿಗೆ ಅಲ್ಲ.

ಕಲ್ಲು ಮಗುಚಿದರು. ಎಲೆಚೂರಿನ ಮನೆಯವು ಒಂದೂ ಇಲ್ಲ. ಸ್ಟೋನ್‌ಫ್ಲೈ ಇಲ್ಲ. ಕಲ್ಲುಗಳ ಸಂದಿಯಲ್ಲೆಲ್ಲ ನುಣ್ಣನೆಯ ಹೂಳು ತುಂಬಿ ಸಿಮೆಂಟಿನಂತೆ ಕೂತಿತ್ತು. ಪಾಚಿ ಯಥೇಚ್ಛವಾಗಿತ್ತು, ಅದನ್ನು ಮೇಯುವ ಶಂಖದ ಹುಳುಗಳಿದ್ದವು. ಹೂಳಿನೊಳಗೆ ನೆತ್ತರು ಬಣ್ಣದ ಸಣ್ಣ ಹುಳುಗಳು. ಅವುಗಳ ಮೈಯಲ್ಲೂ ನಮ್ಮಂತೆ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಮೆಯಿದ್ದಲ್ಲೂ ಅವು ಬಾಳುತ್ತವೆ. "ಇದು ಸತ್ತ ಹಳ್ಳ" ಎಂದು ಬರೆಯಲು ಹೊರಟ ಒಬ್ಬಳನ್ನು ಅಧ್ಯಾಪಕಿ ತಡೆದರು. "ಸತ್ತಿಲ್ಲ. ಬಾಡಿಗೆದಾರರು ಬದಲಾಗಿದ್ದಾರೆ. ಏನಿದೆಯೋ ಅದನ್ನು ಬರೆ."

ವರದಿಯ ನಮೂನೆಯಲ್ಲಿ ಒಂದು ಅಂಕಣವಿತ್ತು: ದಂಡೆಯ ಸ್ಥಿತಿಗೆ ಕಾರಣ, ಸ್ಥಳೀಯ ಹಿರಿಯರನ್ನು ವಿಚಾರಿಸಿ ಬರೆಯಿರಿ. ಸ್ಥಳೀಯ ಹಿರಿಯರು ಎಂದರೆ ಅಲ್ಲಿ ಯಾರು? ನನ್ನ ಮೊಮ್ಮಗಳು ಪೆನ್ಸಿಲು ಹಿಡಿದು ನನ್ನ ಮುಂದೆ ಬಂದು ನಿಂತಳು, ಅಜ್ಜನೊಡನೆ ಮಾತಾಡುವ ಧಾಟಿಯನ್ನು ಬಿಟ್ಟು, "ಇಲ್ಲಿ ಮೊದಲು ಮರಗಳಿದ್ದವೇ?" ಎಂದಳು.

"ಇದ್ದವು."

"ಏನಾದವು?"

"ಕಡಿಯಲಾಯಿತು" ಎಂದೆ.

ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಬರೆದವನು ನಾನು. 'ಕ್ರಮ ಕೈಗೊಳ್ಳಲಾಯಿತು', 'ಮಂಜೂರು ಮಾಡಲಾಯಿತು', 'ಕಡತ ಮುಕ್ತಾಯಗೊಳಿಸಲಾಯಿತು'. ಈ ಕ್ರಿಯಾಪದದಲ್ಲಿ ಮಾಡಿದವನು ಇರುವುದಿಲ್ಲ. ಅದೇ ಅದರ ಸೊಗಸು. ಅವಳು 'ಕಡಿಯಲಾಯಿತು' ಎಂದು ಬರೆದುಕೊಂಡು ಹೋದಳು.

ನಡೆದದ್ದು ಇಷ್ಟು. 1974ರಲ್ಲಿ ನನಗೆ ಬೆಂಗಳೂರಿನಲ್ಲಿ ಒಂದು ನಿವೇಶನ ಸಿಕ್ಕಿತು. ಹಣ ಸಾಲದಾಯಿತು. ತಂದೆ ತೀರಿಕೊಂಡು ವರ್ಷವಾಗಿತ್ತು. ಕಾಗದಪತ್ರವೆಲ್ಲ ಹಿರಿಯ ಮಗನಾದ ನನ್ನ ಕೈಯಲ್ಲಿತ್ತು. ಪ್ಲೈವುಡ್ಡಿಗೆ ಮರ ಒದಗಿಸುವ ಗುತ್ತಿಗೆದಾರನೊಬ್ಬ ಬಂದು ಹಳ್ಳದ ದಂಡೆಯ ಮರಗಳನ್ನು ನೋಡಿದ. ಒಟ್ಟು ಹದಿನೇಳು. ಮೇಲುಗಡೆ ನಮ್ಮ ಬೇರೆ ಮರಗಳಿದ್ದವು, ಆದರೆ ಅಲ್ಲಿಗೆ ಲಾರಿ ಹತ್ತುತ್ತಿರಲಿಲ್ಲ. ದಂಡೆಯವು ಸಲೀಸು. ಅಮ್ಮ ಬೇಡವೆನ್ನಲಿಲ್ಲ. "ಹಳ್ಳದ ಬದಿಯದ್ದು ಬಿಟ್ಟು ಮೇಲಿನದ್ದು ಕೊಡಬಹುದಿತ್ತು" ಎಂದಳು, ಅದೂ ಒಂದೇ ಸಲ. ನಾನು ಲಾರಿಯ ತೊಂದರೆಯನ್ನು ವಿವರಿಸಿ ಹೇಳಿದೆ. ಹದಿನೇಳರಲ್ಲಿ ಎರಡು ಅಮ್ಮನ ಅಪ್ಪೆಯ ಮರಗಳು. ಆ ವರ್ಷದ ನಂತರ ನಮ್ಮ ಮನೆಯ ದೊಡ್ಡ ಭರಣಿಯಲ್ಲಿ ಅಕ್ಕಿ ತುಂಬಿಡುತ್ತಿದ್ದರು.

ಬೆಂಗಳೂರಿನ ಮನೆ 1975ರಲ್ಲಿ ಎದ್ದಿತು. ಅದಕ್ಕೆ 'ಮಾತೃಛಾಯಾ' ಎಂದು ಹೆಸರಿಟ್ಟೆ. ಅಮೃತಶಿಲೆಯಲ್ಲಿ ಕೆತ್ತಿಸಿದ್ದೇನೆ. ಈ ಐವತ್ತು ವರ್ಷಗಳಲ್ಲಿ ಆ ಹೆಸರನ್ನು ಓದಿ ನಾನು ಒಮ್ಮೆಯೂ ಬೆಚ್ಚಿರಲಿಲ್ಲ ಎಂಬುದನ್ನು ಓದುಗರು ನಂಬಬೇಕು. ಇನ್ನೂ ಒಂದು ಮಾತು. 1983ರಲ್ಲಿ ನಮ್ಮ ಜಿಲ್ಲೆಯ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, 'ಮಾತೃಛಾಯಾ'ದ ವರಾಂಡದಲ್ಲಿ ಕುಳಿತು ಅಪ್ಪಿಕೋ ಚಳವಳಿಯನ್ನು ಕೊಂಡಾಡಿ ಸಂಪಾದಕರಿಗೆ ಒಂದು ಪತ್ರ ಬರೆದಿದ್ದೆ. ಅದು ಅಚ್ಚಾಗಿತ್ತು ಕೂಡ.

ಸಂಜೆ ಜಗಲಿಯಲ್ಲಿ ಎಲ್ಲರೂ ಅಂಕಿಗಳನ್ನು ಜೋಡಿಸುತ್ತ ಕುಳಿತರು. ನಾನು ಅಧ್ಯಾಪಕಿಯನ್ನು ಪಕ್ಕಕ್ಕೆ ಕರೆದು, ಹದಿನೇಳು ಮರ ಹೋದ ಮಾತ್ರಕ್ಕೆ ಒಂದು ಹಳ್ಳ ಬದಲಾಗುತ್ತದೆಯೆ ಎಂದು ಕೇಳಿದೆ. ಪ್ರಶ್ನೆಯನ್ನು ಸಾಧ್ಯವಾದಷ್ಟು ಶಾಸ್ತ್ರೀಯವಾಗಿಯೇ ಕೇಳಿದೆ. ಅವರು ಪ್ರಾಮಾಣಿಕರು. ನೀರು ಕಡಮೆಯಾಗಿದ್ದಕ್ಕೆ ಮೇಲಿನ ಗುಡ್ಡದ ಸ್ಥಿತಿ, ಪಂಪುಸೆಟ್ಟು, ಕೊಳವೆಬಾವಿ, ಎಲ್ಲವೂ ಸೇರಿರಬಹುದು. ಒಂದನ್ನೇ ಬೊಟ್ಟು ಮಾಡಲಾಗದು ಎಂದರು. ನನಗೆ ಒಂದು ಕ್ಷಣ ಹಾಯೆನಿಸಿತು. ಚಿಕ್ಕಂದಿನಲ್ಲಿ ಅಡಿಕೆ ದಬ್ಬೆಯ ಮೇಲೆ ಹರಿದು ನಮ್ಮ ಬಚ್ಚಲಿಗೆ ಬೀಳುತ್ತಿದ್ದ ಅಬ್ಬಿಯ ನೀರು ನಿಂತುಹೋದದ್ದು ನನ್ನೊಬ್ಬನಿಂದಲ್ಲ. "ಆದರೆ" ಎಂದರು ಅವರು, "ಆ ತುಂಡಿನ ನೆರಳು, ಅಲ್ಲಿ ಬೀಳುತ್ತಿದ್ದ ಎಲೆ, ದಂಡೆಯ ಮಣ್ಣನ್ನು ಹಿಡಿದ ಬೇರು: ಇವು ಮಾತ್ರ ಆ ಮರಗಳದೇ. ಅದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ."

ಕತ್ತಲಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೊಮ್ಮಗಳನ್ನು ಕರೆದು ನಮೂನೆಯನ್ನು ತರಲು ಹೇಳಿದೆ. "ಕಡಿಯಲಾಯಿತು ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ನಾನು ಕಡಿಸಿದೆ."

ಅವಳು ನನ್ನ ಮುಖ ನೋಡಿದಳು. ಏನನ್ನೋ ಹೇಳುತ್ತಾಳೆಂದು ಕಾದೆ. ಬೈದಿದ್ದರೂ ಆಗುತ್ತಿತ್ತು, ಸಮಾಧಾನ ಹೇಳಿದ್ದರೂ ಆಗುತ್ತಿತ್ತು. ಅವಳು ಕೇಳಿದ್ದು, "ಯಾವ ವರ್ಷ?"

ಹೇಳಿದೆ.

"ಎಷ್ಟು ಮರ? ಯಾವ ಯಾವ ಜಾತಿ?"

ಹೈಗ ಐದು, ನೇರಳೆ ನಾಲ್ಕು, ಹೊಂಗೆ ಮೂರು, ರಾಮಪತ್ರೆ ಎರಡು, ಹಲಸು ಒಂದು, ಅಪ್ಪೆ ಎರಡು. ಇಷ್ಟು ಸರಾಗವಾಗಿ ಬಾಯಿಗೆ ಬಂದದ್ದು ನನಗೇ ಆಶ್ಚರ್ಯವಾಯಿತು. ಅವಳು ಬರೆದುಕೊಂಡು, "ಅಜ್ಜ, ಒಂದೊಂದೂ ಎಲ್ಲಿತ್ತು ಎಂದು ತೋರಿಸಬಲ್ಲಿರಾ? ನಕ್ಷೆಯಲ್ಲಿ ಹಾಕಿದರೆ ನೆರಳು ಎಲ್ಲಿಯ ತನಕ ಇತ್ತೆಂದು ಲೆಕ್ಕ ಹಾಕಬಹುದು" ಎಂದಳು.

ಇಬ್ಬರೂ ಹಳ್ಳಕ್ಕೆ ಇಳಿದೆವು. ನಾನು ಕೋಲಿನ ತುದಿಯಿಂದ ತೋರಿಸುತ್ತ ಹೋದೆ, ಅವಳು ಸಣ್ಣ ಸಣ್ಣ ಸೊನ್ನೆಗಳನ್ನು ಹಾಕುತ್ತ ಬಂದಳು. ಬುಡದ ಗುರುತು ಒಂದೂ ಉಳಿದಿರಲಿಲ್ಲ. ಅಪ್ಪೆಯ ಮರಗಳ ಜಾಗ ಮಾತ್ರ ತಪ್ಪಲಿಲ್ಲ. ಅಮ್ಮ ಮಿಡಿ ಆರಿಸಲು ಕೂರುತ್ತಿದ್ದ ಚಪ್ಪಟೆ ಕಲ್ಲು ಅವೆರಡರ ನಡುವೆ ಇತ್ತು, ಈಗಲೂ ಇದೆ. ಮೊಮ್ಮಗಳು ಅದರ ಮೇಲೆ ಕುಳಿತು ನಕ್ಷೆ ಮುಗಿಸಿದಳು. ಕೊನೆಯ ಸಾಲಿನಲ್ಲಿ ಮಾಹಿತಿ ಕೊಟ್ಟವರ ಹೆಸರು ಬೇಡವಾದರೆ ಬಿಡಬಹುದೆಂದಿತ್ತು. "ಬಿಡಲೇ?" ಎಂದಳು. ಬರೆ ಎಂದೆ.

ಮಾರನೆಯ ಬೆಳಿಗ್ಗೆ ಬಸ್ಸು ಹೊರಡುವ ಮುನ್ನ ಸಾಮಾನು ಎಣಿಸಿದಾಗ ಒಂದು ಕೈಬಲೆ ಕಡಮೆ ಬಿತ್ತು. ಅದು ಆ ಕಲ್ಲಿನ ಹತ್ತಿರವೇ ಉಳಿದಿರಬೇಕೆಂದು ಅವಳಿಗೆ ನೆನಪಾಯಿತು. ಬಸ್ಸನ್ನು ಸ್ವಲ್ಪ ತಡೆಯಲು ಹೇಳಿ, ತರಲು ನಾನೇ ಹೋದೆ.